ಹುಳದ ಮನೆಗೆ ಬೇಡವಾದ ಪಾಠ

ಶಿಡ್ಲಘಟ್ಟ ತಾಲ್ಲೂಕು
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಆಂಜಿನಮ್ಮಕ್ಕನಿಗೆ, ನಿನ್ನ ತಂಗಿ ಶ್ಯಾಮಲ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಅದಕ್ಕೇ ಬರೆದಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೈಯಬೇಡ. ರೇಷ್ಮೆ ಹುಳ ಕೊನೆಯ ಪೊರೆ ಕಳಚಿ ಜ್ವರದಿಂದ ಎದ್ದಿದ್ದವು. ಆಮೇಲೆ ಅವುಗಳ ಹಸಿವು ಎಂಥದ್ದು ಎಂದು ನಿನಗೆ ಗೊತ್ತಲ್ಲ, ಬಕಾಸುರನ ವಂಶ. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ತಿರುಗಿ ನೋಡುವಷ್ಟರಲ್ಲಿ ಖಾಲಿ. ನಿನ್ನೆ ಗೂಡು ಮಾರ್ಕೆಟ್ಟಿಗೆ ಹೋಯಿತು, ಇವತ್ತು ನನ್ನ ಕೈಗೆ ಪೆನ್ನು ಬಂತು.

ಮೊದಲಾದರೆ ಫೋನಿನಲ್ಲೇ ಮಾತಾಡಿ ಮುಗಿಸುತ್ತಿದ್ದೆವು. ನಿನಗೆ ಕಿವಿ ಹೋದ ಮೇಲೆ ನಾನು ಫೋನಿನಲ್ಲಿ ಕೂಗಿದ್ದು ನಮ್ಮ ಬೀದಿಗೆಲ್ಲ ಕೇಳುತ್ತದೆ, ನಿನಗೊಬ್ಬಳಿಗೆ ಬಿಟ್ಟು. ನಿನ್ನ ಮಗ ರಮೇಶನ ಫೋನಿಗೆ ಬರೆದು ಕಳಿಸಿದರೆ ಅವನೂ ಓದುತ್ತಾನೆ, ಅವನ ಕೈಯಿಂದ ನಿನ್ನ ಜೊತೆಗಿರುವ ನನ್ನ ಯಾಮಿನಿಯೂ ಓದುತ್ತಾಳೆ. ಅದು ಬೇಡ. ಅವನು ತಂದುಕೊಟ್ಟ ಕಿವಿ ಮಷಿನ್ನು ಬೀರುವಿನಲ್ಲೇ ಇದೆಯಂತೆ. ಹಬ್ಬಕ್ಕೆ ಉಡುವ ಸೀರೆಯೇನೇ ಅದು, ಮಡಿಸಿ ಇಡಲಿಕ್ಕೆ? ಹಾಕಿಕೋ.

ಯಾಮಿನಿಯ ವಿಷಯ ಕೇಳಿದ್ದೀಯ. "ನಿನ್ನ ಮಗಳು ಕುಡುಮಲಕುಂಟೆ ಫ್ಯಾಕ್ಟರಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಾಳೆ, ಬರುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮಾತಿಲ್ಲ. ಭಾನುವಾರ ಕೋಳಿ ಹಸನು ಮಾಡಲಿಕ್ಕೆ ಕೂತರೆ ಮಾತ್ರ ಪಕ್ಕಕ್ಕೆ ಬಂದು ಕೂರುತ್ತಾಳೆ. ಒಳಗಿನ ಈಲಿ, ಗುಂಡಿಗೆ, ಕಂದನಕಾಯಿ, ಒಂದೊಂದನ್ನೂ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಆಮೇಲೆ ಸಾರು ಬಡಿಸಿದರೆ ಬೇಡವೆಂದು ಎದ್ದು ಹೋಗುತ್ತಾಳೆ. ಯಾವುದಾದರೂ ಹುಡುಗನ ವಿಷಯವೇನೇ?" ಎಂದು ಬರೆದಿದ್ದೀಯ. ಅಕ್ಕ, ಹುಡುಗನ ವಿಷಯವಾಗಿದ್ದರೆ ನಾನು ಇಷ್ಟು ಹೊತ್ತಿಗೆ ನಾಲ್ಕು ಬೈದು, ನಾಲ್ಕು ಅತ್ತು, ಸುಮ್ಮನಾಗುತ್ತಿದ್ದೆ. ಇದು ಬಯಾಲಜಿಯ ವಿಷಯ. ನಗಬೇಡ. ಮೊದಲಿಂದ ಹೇಳುತ್ತೇನೆ.

ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಲ್ಲಿ ವಿಜ್ಞಾನದ ವಸ್ತುಪ್ರದರ್ಶನ ಇಟ್ಟರು. ಬೇರೆ ಮಕ್ಕಳು ಥರ್ಮಾಕೋಲಿನಲ್ಲಿ ಜ್ವಾಲಾಮುಖಿ, ಗಾಳಿಯಂತ್ರ ಮಾಡಿಕೊಂಡು ಹೋದರು. ನಮ್ಮವಳು ಕೋನಪ್ಪನ ಹುಳದ ಮನೆಗೆ ಹೋಗಿ ರೋಗ ಬಂದ ಹುಳ ಬೇಡಿ ಡಬ್ಬಿಯಲ್ಲಿ ಹಾಕಿಕೊಂಡು ಹೋದಳು. ಮೈ ಉಬ್ಬಿ, ಚರ್ಮ ಬಿರಿದು, ಹಾಲಿನಂಥ ನೀರು ಸುರಿಸುತ್ತವಲ್ಲ, ಆ ರೋಗ. ಸ್ಕೂಲಿನ ಮೈಕ್ರೋಸ್ಕೋಪಿನಲ್ಲಿ ಆ ನೀರನ್ನು ಇಟ್ಟು ಬಂದವರಿಗೆಲ್ಲ ತೋರಿಸಿದಳಂತೆ. ಬಹುಮಾನವೂ ಬಂತು. ನಮ್ಮ ಮನೆಯಲ್ಲಿ ಹುಳದ ಕಟ್ಟುನಿಟ್ಟು ನಿನಗೆ ಗೊತ್ತೇ ಇದೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ಗೋಣಿ ತುಳಿಯದೆ ಯಾರೂ ಒಳಗೆ ಹೋಗುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ, ಮುಖಕ್ಕೆ ಪೌಡರು ಹಚ್ಚುವಂತಿಲ್ಲ. ನೀನು ಒಂದು ಸಲ ಮಲ್ಲಿಗೆ ಮುಡಿದು ಬಂದೆ ಎಂದು ನಮ್ಮ ಯಜಮಾನರು ಅಂಗಳದಲ್ಲೇ ಚಾಪೆ ಹಾಕಿ ಕೂರಿಸಿ ಕಾಫಿ ಕೊಡಿಸಿದರಲ್ಲ, ಇನ್ನೂ ಅದನ್ನು ಆಡಿಕೊಳ್ಳುತ್ತೀಯ. ಅಂಥ ಮನೆಯ ಮಗಳು ರೋಗದ ಹುಳ ಮುಟ್ಟಿ ಬಂದಳು.

ವಾರ ಕಳೆಯುವಷ್ಟರಲ್ಲಿ ನಮ್ಮ ಹುಳಕ್ಕೂ ಬಂತು. ಇನ್ನೇನು ಹಣ್ಣಾಗಿ ಗೂಡಿಗೆ ಹತ್ತಬೇಕು ಎನ್ನುವಾಗ. ಪೂರ್ತಿ ಬೆಳೆಯನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆವು. ಇವರು ಗುದ್ದಲಿ ನೆಲಕ್ಕೆ ಎಸೆದು, ಸುತ್ತ ನಿಂತವರ ಎದುರಿಗೇ ಅಂದರು: "ರೋಗ ಎಲ್ಲಿಂದ ಬಂತು ಅಂತ ಏನ್ ಕೇಳ್ತೀರಾ? ಮನೆ ಮಗಳೇ ಡಬ್ಬೀಲಿ ಹಾಕ್ಕೊಂಡು ಬಂದವ್ಳೆ."

ಅವಳು ಹೇಳಿದಳು, "ಅಪ್ಪ, ಡಬ್ಬಿ ಸ್ಕೂಲಲ್ಲೇ ಸುಟ್ವಿ. ನಾನು ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಆಮೇಲೇ ಒಳಗೆ ಹೋಗಿದ್ದು. ಈ ಸಲ ಊರಲ್ಲಿ ಅರ್ಧ ಮನೆಗೆ ಬಂದೈತೆ. ಅಕ್ಕಯಮ್ಮೋರ ಮನೆಗೆ ನಾನು ಹೋಗಿದ್ನಾ?" ಎಂದು. ಅವಳು ಹೇಳಿದ್ದು ನಿಜ. ಆ ಸಲ ಹಗಲು ಸೆಕೆ, ಸಂಜೆ ಮಳೆ, ಊರಲ್ಲಿ ಬಹಳ ಮನೆ ಕೆಟ್ಟವು. ಆದರೆ ಗುಂಡಿಯ ಹತ್ತಿರ ನಿಂತ ಮನುಷ್ಯನಿಗೆ ಬೈಯಲಿಕ್ಕೆ ಮಳೆ ಸಾಲುವುದಿಲ್ಲ, ಮನುಷ್ಯರೇ ಬೇಕು.

ಇವರು ಕೆಟ್ಟವರು ಎಂದು ನಾನು ಬರೆಯಲಾರೆ. ಅವಳಿಗೆ ಟೈಫಾಯಿಡ್ ಬಂದಾಗ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನೆಲದ ಮೇಲೆ ಮಲಗಿದ್ದವರು ಇವರೇ. ಹುಳದ ವಿಷಯಕ್ಕೆ ಬಂದರೆ ಮಾತ್ರ ಮೈಮೇಲೆ ಬಂದ ಹಾಗೆ ಆಡುತ್ತಾರೆ. ಆ ಹೆದರಿಕೆಯಲ್ಲಿ ಹೇಳಿದ ಒಂದು ಮಾತು ಮನೆಯಲ್ಲಿ ಹಾಗೇ ನಿಂತುಬಿಟ್ಟಿತು. ಯಾರ ಮನೆಯಲ್ಲಾದರೂ ಹುಳ ಕೆಟ್ಟರೆ, "ಅವ್ರ ಮನೇಲೂ ವಿಜ್ಞಾನಿ ಹುಟ್ಟಿರ್ಬೇಕು" ಎನ್ನುವರು. ತಮಾಷೆಗೇ ಅನ್ನುತ್ತಿದ್ದರು. ಅವಳು ತಟ್ಟೆಯ ಮುಂದೆ ತಲೆ ತಗ್ಗಿಸುವಳು.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಮಾರ್ಕ್ಸು ಬಂತು, ನೀನು ಮೈಸೂರ್‌ಪಾಕು ಕಳಿಸಿದ್ದೆ. ಪಿಯುಸಿಗೆ ಏನು ತೆಗೆದುಕೊಳ್ಳಬೇಕು ಎನ್ನುವುದು ಅವಳಿಗೆ ಮೊದಲೇ ತೀರ್ಮಾನವಾಗಿತ್ತು. ಬಯಾಲಜಿ ಇರುವ ಸೈನ್ಸು, ಆಮೇಲೆ ಚಿಂತಾಮಣಿಯ ರೇಷ್ಮೆ ಕಾಲೇಜು. "ಹುಳ ಯಾಕೆ ಸಾಯ್ತವೆ ಅಂತ ಕಲಿತು ಬರ್ತೀನಮ್ಮ. ಅಪ್ಪನ ಬಾಯಿ ಮುಚ್ಚಿಸ್ತೀನಿ," ಎಂದು ನನ್ನ ಹತ್ತಿರ ಅಂದಿದ್ದಳು. ಇವರಿಗೆ ಹೇಳಿದಾಗ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ಕಾಲೇಜಲ್ಲಿ ಕೊಯ್ಯೋದು, ಕೆಡಿಸೋದು, ಆ ಔಷಧಿ ವಾಸನೆ ಮೈಗೆ ಹಚ್ಚಿಕೊಂಡು ಸಾಯಂಕಾಲ ಈ ಮನೆಗೇ ಬರ್ಬೇಕಲ್ಲ? ಬ್ಯಾಡ. ಕಂಪ್ಯೂಟರ್ ತಗೋ. ಅದಕ್ಕೆ ವಾಸ್ನೆ ಇಲ್ಲ."

"ಅಪ್ಪ, ಆ ಔಷಧಿ ಫಾರ್ಮಾಲಿನ್ನು. ನಾವು ಹುಳದ ಮನೆ ತೊಳೀತಿದ್ದದ್ದೂ ಅದರಲ್ಲೇ," ಎಂದಳು.

ನನಗೆ ನಗು ಬಂತು. ನಗಬಾರದಿತ್ತು, ಇವರಿಗೆ ರೇಗಿತು. "ನನಗೇ ಪಾಠ ಹೇಳ್ತಾಳೆ ನೋಡು," ಎಂದು ಎದ್ದು ಕೈ ತೊಳೆದರು.

ಮಾರನೆಯ ವಾರ ಅಡ್ಮಿಶನ್‌ಗೆ ಅಪ್ಪ ಮಗಳು ಹೋದರು. ನಾನು ಹೋಗಲಾಗಲಿಲ್ಲ, ಹುಳ ಜ್ವರಕ್ಕೆ ಕೂತಿದ್ದವು, ಯಾರಾದರೂ ಒಬ್ಬರು ಮನೆಯಲ್ಲಿ ಇರಲೇಬೇಕು. ಅಲ್ಲಿ ನಡೆದದ್ದನ್ನು ಯಾಮಿನಿ ಬಂದು ಹೇಳಿದಳು. ಅಲ್ಲಿನ ಲೆಕ್ಚರರು ಮಾರ್ಕ್ಸು ನೋಡಿ, "ಯಜಮಾನ್ರೇ, ಇಷ್ಟು ಚೆನ್ನಾಗಿ ಓದೋ ಮಗುಗೆ ಬಯಾಲಜಿ ತಪ್ಪಿಸಬೇಡಿ. ಅಗ್ರಿಕಲ್ಚರು, ಪಶುವೈದ್ಯ, ನರ್ಸಿಂಗು, ಎಲ್ಲಾದಕ್ಕೂ ಅದು ಬೇಕು," ಎಂದರಂತೆ. ಇವರು ಎದೆ ಮುಂದೆ ಮಾಡಿ, "ಸಾರ್, ನಾವು ತಲೆಮಾರಿನಿಂದ ಹುಳ ಸಾಕೋರು. ರೈತರ ಮಕ್ಕಳಿಗೆ ಕೋಟಾ ಐತೆ. ಹುಳದ ಕಾಲೇಜಲ್ಲಿ ಹುಳ ಸಾಕೋರ ಮಗಳನ್ನ ಬ್ಯಾಡ ಅಂತಾರಾ? ನೀವು ಕಂಪ್ಯೂಟರ್ ಹಾಕಿ," ಎಂದರಂತೆ. ಲೆಕ್ಚರರು ಅವಳ ಮುಖ ನೋಡಿ, "ನೀನೇನಮ್ಮ ಹೇಳ್ತೀಯಾ?" ಎಂದು ಕೇಳಿದರಂತೆ. ಅವಳು ನೆಲ ನೋಡಿದಳಂತೆ. ಹಿಂದೆ ಸಾಲಿನಲ್ಲಿ ಊರವರೇ ನಿಂತಿದ್ದರು. ಗುಂಡಿಯ ಮುಂದೆ ನಿಂತಿದ್ದವರೇ.

ಅಕ್ಕ, ಇದು ನಮ್ಮವರು ಮಾತ್ರ ಮಾಡುವ ತಪ್ಪು. ಭೂಮಿ ಇದೆ, ಹುಳ ಇದೆ, ಹೆಸರಿದೆ, ಆದ್ದರಿಂದ ಎಲ್ಲ ಬಾಗಿಲೂ ನಮ್ಮನ್ನು ಕಂಡರೆ ತಾವಾಗೇ ತೆರೆಯುತ್ತವೆ ಎನ್ನುವ ನಂಬಿಕೆ. ಯಾಮಿನಿಯ ಗೆಳತಿ ತನುಜ ಇದ್ದಾಳಲ್ಲ, ವೆಂಕಟರವಣಪ್ಪ ಮೇಷ್ಟ್ರ ಮಗಳು. ಅವರಿಗೆ ಭೂಮಿಯಿಲ್ಲ, ರೈತರ ಕೋಟಾವೂ ಇಲ್ಲ, ಅದಕ್ಕೇ ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಯಾವ ಕಾಲೇಜಿಗೆ ಯಾವ ಸಬ್ಜೆಕ್ಟು ಬೇಕು ಎಂದು ಅಲ್ಲಿ ಇಲ್ಲಿ ಕೇಳಿ ತಿಳಿದುಕೊಂಡು ಬಂದು, ಮಗಳನ್ನು ಕೂರಿಸಿಕೊಂಡು, "ನೀನು ಆರಿಸಮ್ಮ," ಎಂದರಂತೆ. ಅವಳು ಬಯಾಲಜಿ ತಗೊಂಡಳು. ಇವರು ನಮ್ಮ ಜಗಲಿಯ ಮೇಲೆ ಕೂತು, "ಮೇಷ್ಟ್ರಿಗೆ ಗೊತ್ತಿಲ್ಲ, ಆ ಹುಡುಗೀಗೆ ಹುಳ ಅಂದ್ರೇನು ಅಂತಾನೇ ಗೊತ್ತಿಲ್ಲ," ಎಂದು ನಕ್ಕರು.

ಎರಡು ವರ್ಷ ಯಾಮಿನಿ ಕಂಪ್ಯೂಟರ್ ಓದಿದಳು. ಓದಿದಳು ಎನ್ನುವುದೇ ಸುಳ್ಳು. ಪಾಸಾಗುವಷ್ಟು ಓದಿ, ಮಿಕ್ಕ ಹೊತ್ತು ತನುಜಳ ಬಯಾಲಜಿ ಪುಸ್ತಕ ತಂದು ಓದುತ್ತಿದ್ದಳು. ತನುಜಳಿಗೆ ಅರ್ಥವಾಗದ್ದನ್ನು ಇವಳೇ ಹೇಳಿಕೊಡುವಳು. ಇಬ್ಬರೂ ಹಿತ್ತಲಿನ ಕಲ್ಲಿನ ಮೇಲೆ ಕೂತು ಅದೇನೇನೋ ಹೆಸರು ಹೇಳಿಕೊಂಡು ನಗುವರು. ಇವರು ಅದನ್ನು ಕಂಡೂ ಸುಮ್ಮನಿದ್ದರು. "ಪೋನೀಲೇ, ಹೋಗ್ಲಿ ಬಿಡು, ಓದ್ಕೊಳ್ಲಿ, ಪುಸ್ತಕಕ್ಕೆ ವಾಸ್ನೆ ಇಲ್ಲ," ಎಂದಿದ್ದರು. ಆಗ ನನಗೂ ಸಮಾಧಾನವಾಗಿತ್ತು. ಕೋಟಾ ಇದೆಯಲ್ಲ ಎಂದು ನಾನೂ ನಂಬಿದ್ದೆ.

ಈ ವರ್ಷ ಸಿಇಟಿ ಆಯಿತು. ಇವರು ತಾಲ್ಲೂಕು ಕಚೇರಿಗೆ ಅಲೆದು ರೈತರ ಸರ್ಟಿಫಿಕೇಟು ಮಾಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಅವಳ ಜೊತೆ ಚಿಂತಾಮಣಿಯ ಕಾಲೇಜಿಗೆ ವಿಚಾರಿಸಲಿಕ್ಕೆ ಹೋದರು. ಅಲ್ಲಿ ಕೂತಿದ್ದವರು ಸರ್ಟಿಫಿಕೇಟು ನೋಡಲೇ ಇಲ್ಲವಂತೆ. ಪಿಯುಸಿಯಲ್ಲಿ ಏನು ಓದಿದ್ದು ಎಂದು ಕೇಳಿ, "ಕೋಟಾ ಇರೋದು ಸಾಲಲ್ಲಿ ನಿಂತೋರಿಗೆ ಯಜಮಾನ್ರೇ. ನಿಮ್ಮ ಮಗಳು ಸಾಲಲ್ಲೇ ಇಲ್ಲ," ಎಂದರಂತೆ. ಬಯಾಲಜಿ ಇಲ್ಲದೆ ಅಗ್ರಿಕಲ್ಚರೂ ಇಲ್ಲ, ರೇಷ್ಮೆಯೂ ಇಲ್ಲ. ಇವರು ಅಲ್ಲಿ ಜಗಳಕ್ಕೆ ನಿಂತರಂತೆ. ಅವಳೇ ಕೈ ಹಿಡಿದು ಆಚೆಗೆ ಕರೆದುಕೊಂಡು ಬಂದಳಂತೆ.

ಮನೆಗೆ ಬಂದವಳು ಅಳಲಿಲ್ಲ. ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ನಾನು ಸಾಕು ಬಿಡೇ ಎಂದರೆ, "ಬಿಸಿಲಿದೆ, ಒಣಗ್ಲಿ," ಎಂದಳು. ಎರಡು ದಿನ ಬಿಟ್ಟು ಅಪ್ಪನ ಮುಂದೆ ನಿಂತು ಕೇಳಿದಳು: "ಅಪ್ಪ, ನಾನು ಇನ್ನೊಂದ್ಸಲ ಫಸ್ಟ್ ಪಿಯುಸಿ ಸೇರ್ತೀನಿ. ಬಯಾಲಜಿ ತಗೊಂಡು. ಎರಡು ವರ್ಷ ಅಷ್ಟೇ. ನಿಮ್ಮನ್ನ ಬೇರೇನೂ ಕೇಳಲ್ಲ."

ಅಷ್ಟು ಹೊತ್ತಿಗೆ ನಮ್ಮ ಸುನೀಲನದು ಎಸ್ಸೆಸ್ಸೆಲ್ಸಿ ಮುಗಿದಿತ್ತು. ಇವರು, "ತಮ್ಮನ ಜೊತೆ ಒಂದೇ ಕ್ಲಾಸಲ್ಲಿ ಕೂರ್ತೀಯೇನಮ್ಮ? ಊರು ನಗಲ್ವಾ? ರಾಮಾಂಜಿನಪ್ಪನ ಮಗಳು ಫೇಲಾದ್ಲು ಅಂತಾರೆ," ಎಂದರು. ನಾನು ಬಾಯಿ ಹಾಕಿದೆ ಅಕ್ಕ, ಆವತ್ತು ಬಿಡಲಿಲ್ಲ. "ಊರು ನಕ್ಕರೆ ಹಲ್ಲು ಊರಿಂದು, ಓದು ನಮ್ಮ ಮಗೂದು," ಎಂದೆ. ಇವರು ಟವಲ್ಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟುಹೋದರು. ಇವರ ತೀರ್ಪು ಯಾವಾಗಲೂ ಹಾಗೇ, ಬೆನ್ನು ತೋರಿಸಿದರೆ ಮುಗಿಯಿತು.

ಇಂಜಿನಿಯರಿಂಗ್ ಸೀಟು ಎಲ್ಲೋ ಒಂದು ಕಡೆ ಸಿಗುತ್ತಿತ್ತು. ಇವರೂ ಅದನ್ನೇ ಮಾಡು ಎಂದರು. ಅವಳು ಕಾಲೇಜುಗಳ ಪಟ್ಟಿಯನ್ನೂ ನೋಡದೆ ಕೈ ಕಟ್ಟಿ ಕೂತಳು. "ನನಗೆ ಬ್ಯಾಡದ್ದನ್ನ ಒಂದ್ಸಲ ಓದಿದ್ದೀನಿ, ಸಾಕು," ಎಂದಳು. ಆಮೇಲೆ ರಮೇಶನಿಗೆ ತಾನೇ ಫೋನು ಮಾಡಿ, ಅವನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಇದೆಯಾ ಎಂದು ಕೇಳಿ, ಬಟ್ಟೆ ಜೋಡಿಸಿಕೊಂಡು ನಿನ್ನ ಮನೆಗೆ ಬಂದಳು. ಹೊರಡುವಾಗ, "ದೊಡ್ಡಮ್ಮಂಗೆ ಕಿವಿ ಕೇಳಲ್ಲ, ಅವರ ಜೊತೆ ಮಾತಾಡ್ಬೇಕಾಗಿಲ್ಲ," ಎಂದಳು. ನಿನಗೆ ಬೇಸರವಾದರೂ ಆಗಲಿ, ಇದ್ದದ್ದು ಬರೆದಿದ್ದೇನೆ. ತನುಜಳಿಗೆ ಚಿಂತಾಮಣಿಯಲ್ಲಿ ಸೀಟಾಗಿದೆ. ಆ ಮಗು ಸಿಹಿ ತಂದುಕೊಟ್ಟು, ಯಾಮಿನಿ ಇಲ್ಲ ಎಂದು ತಿಳಿದು, ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತು ಹೋಯಿತು. ನನ್ನ ಮಗಳ ಅಳುವನ್ನೂ ಅವಳೇ ಅತ್ತು ಹೋದಳೇನೋ.

ಇಷ್ಟೇ ಅಕ್ಕ ಅವಳ ಕಥೆ. ಕೋಳಿ ಹಸನು ಮಾಡುವಾಗ ಅವಳು ಮುಟ್ಟಿ ನೋಡಿದರೆ ನೋಡಲಿ, ಬೈಯಬೇಡ. ಆ ಪುಸ್ತಕದಲ್ಲಿ ಓದಿದ್ದನ್ನು ಕಣ್ಣಲ್ಲಿ ನೋಡಲಿಕ್ಕೆ ಅವಳಿಗೆ ಉಳಿದಿರುವ ಜಾಗ ನಿನ್ನ ಹಿತ್ತಲೊಂದೇ. ಸಾರು ಬೇಡವೆಂದರೆ ಮೊಸರು ಹಾಕಿ ಕೊಡು, ತಿನ್ನುತ್ತಾಳೆ. ಎಣ್ಣೆ ಹಚ್ಚಿದರೆ ಬೇಡ ಎನ್ನುತ್ತಾಳೆ, ಕೇಳಬೇಡ, ಹಚ್ಚು.

ಮಿಕ್ಕ ಸುದ್ದಿ. ಸುನೀಲ ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗಿ ಬರುತ್ತಾನೆ. ಬೆಳಿಗ್ಗೆ ಎಬ್ಬಿಸುವುದೇ ಒಂದು ಯುದ್ಧ. ಅಮ್ಮಾಜಮ್ಮತ್ತೆಗೆ ಕಣ್ಣಿನ ಆಪರೇಶನ್ ಆಗಿ ಈಗ ಎಲ್ಲರ ಮನೆಯ ಕಸವೂ ಕಾಣಿಸುತ್ತಿದೆ. ಈ ಸಲದ ಗೂಡು ಪರವಾಗಿಲ್ಲ, ಬಿಗಿಯಾಗಿತ್ತು.

ಇನ್ನೊಂದು ಒಳ್ಳೆಯ ಮಾತು, ಅದಕ್ಕೇ ಕೊನೆಗೆ ಇಟ್ಟುಕೊಂಡಿದ್ದೆ. ನಿನ್ನೆ ಮಾರ್ಕೆಟ್ಟಿನಿಂದ ಬಂದವರು ತಾವಾಗೇ, "ಗೌರಿ ಹಬ್ಬಕ್ಕೆ ಯಾಮಿನೀನ ಕರೆಸು. ಎಷ್ಟು ದಿನ ಆಯ್ತು," ಎಂದರು. ಇವರ ಬಾಯಲ್ಲಿ ಅವಳ ಹೆಸರು ಬಂದು ಎಷ್ಟೋ ದಿನವಾಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಹಬ್ಬದ ಹಿಂದಿನ ದಿನವೇ ಅವಳನ್ನು ಬಸ್ಸು ಹತ್ತಿಸು. ಮುಂದಿನ ಜೂನ್‌ಗೆ ಅವಳನ್ನು ಮತ್ತೆ ಫಸ್ಟ್ ಇಯರಿಗೆ ಸೇರಿಸುವ ಮಾತು ಹಬ್ಬದಲ್ಲಿ ಎತ್ತುತ್ತೇನೆ. ಇವರ ಮನಸ್ಸು ಮೆತ್ತಗಾಗಿದೆ. ಅವಳಿಗಿನ್ನೂ ಹದಿನೆಂಟು. ಹದಿನೆಂಟು ಒಂದು ವಯಸ್ಸೇನೇ?

ನಿನ್ನ ಮಂಡಿನೋವಿಗೆ ಬಿಸಿ ಉಪ್ಪಿನ ಶಾಖ ಕೊಡು. ರಮೇಶನಿಗೂ ಸೊಸೆಗೂ ನನ್ನ ಆಶೀರ್ವಾದ. ನನ್ನ ಮಗಳ ತಲೆ ಸವರಿ, ಅಮ್ಮ ಸವರಿದಳು ಎಂದು ಹೇಳು. ಗೌರಮ್ಮ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಶ್ಯಾಮಲ

ಮರೆತ ಮಾತು: ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಮರೆತದ್ದಲ್ಲ, ಬರೆಯಲಿಕ್ಕೆ ನಾಚಿಕೆಯಾಗಿ ಬಿಟ್ಟದ್ದು. ಸುನೀಲ ಕಾಲೇಜಿನಲ್ಲಿ ಏನು ತಗೊಂಡಿದ್ದಾನೆ ಎಂದು ನಿನಗೆ ಹೇಳಲಿಲ್ಲ. ಬಯಾಲಜಿ ತಗೊಂಡಿದ್ದಾನೆ. ಯಾಮಿನಿ ನಿನ್ನ ಮನೆಗೆ ಬಂದ ಮಾರನೆಯ ವಾರ ಇವರೇ ಕರೆದುಕೊಂಡು ಹೋಗಿ ಸೇರಿಸಿದರು, ಚಿಂತಾಮಣಿಯ ಸೀಟು ಇವನಿಗಾದರೂ ತಪ್ಪಬಾರದು ಎಂದು. "ಒಂದ್ಸಲ ಏಟು ತಿಂದೆ, ಬುದ್ಧಿ ಬಂತು," ಎಂದು ಜಗಲಿಯ ಮೇಲೆ ಎಲ್ಲರಿಗೂ ಹೇಳುತ್ತಾರೆ. ಏಟು ತಿಂದವಳು ನಿನ್ನ ಮನೆಯಲ್ಲಿದ್ದಾಳೆ. ಸುನೀಲನಿಗೆ ಅದು ಬೇಕಾಗಿಯೂ ಇರಲಿಲ್ಲ, ಅವನು ಕಾಮರ್ಸ್ ಅಂದಿದ್ದ. ಲ್ಯಾಬಿನಿಂದ ಬಂದವನು ಅದೇ ಬಟ್ಟೆಯಲ್ಲಿ ಹುಳದ ಮನೆಗೆ ಹೋದರೂ ಇವರು ಒಂದು ಮಾತು ಆಡುವುದಿಲ್ಲ. ಯಾಮಿನಿಗೆ ಇದು ಯಾವುದೂ ಗೊತ್ತಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇವರು ಅಂದರು: "ಯಾಮಿನಿ ಬಂದ್ರೆ ಒಂದೆಂಟು ದಿನ ಇರಿಸ್ಕೋ. ಸುನೀಲಂಗೆ ಬಯಾಲಜಿ ತಲೆಗೇ ಹತ್ತುತಿಲ್ಲ. ಅವಳು ಎಲ್ಲಾ ಓದ್ಕೊಂಡವ್ಳಲ್ಲ, ಹೇಳ್ಕೊಡ್ಲಿ." ಹಬ್ಬಕ್ಕೆ ಕರೆಸು ಎಂದದ್ದು ಇದಕ್ಕೆ.

ಕಳಿಸಬೇಡ ಅಕ್ಕ. ಮೇಲೆ ಬರೆದದ್ದನ್ನೆಲ್ಲ ಬಿಟ್ಟುಬಿಡು. ಮೈ ಹುಷಾರಿಲ್ಲ, ನನ್ನ ಜೊತೆ ಇರು ಎಂದು ಅವಳಿಗೆ ಹೇಳು. ಅವಳ ಮುಖ ನೋಡದೆ ನಾನು ಇದ್ದೇನು. ಅವಳು ಬಂದರೆ, ಅಪ್ಪ ಕೇಳಿದರೆ, ಆಗುವುದಿಲ್ಲ ಎನ್ನುವವಳಲ್ಲ. ತಮ್ಮನ ಪಕ್ಕ ಕೂತು, ಆ ಪುಸ್ತಕ ತೆಗೆದು, ಹೇಳಿಕೊಡುತ್ತಾಳೆ. ಚೆನ್ನಾಗಿಯೇ ಹೇಳಿಕೊಡುತ್ತಾಳೆ.